ಕೆಸರು ಸವರಿದ ಕೈ

"ಕೈ ತೋರ್ಸಿ," ಎಂದೆ.

ಮರ್ಲ್ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಇಟ್ಟ. ಎಪ್ಪತ್ತೊಂದು ವರ್ಷದ ಕೈಗಳು. ಗೆರೆಗೆರೆಯಲ್ಲೂ ಕಂದು ಕೆಸರು ಕೂತುಬಿಟ್ಟಿತ್ತು, ಯಾವ ಸೋಪಿಗೂ ಬಗ್ಗುವಂಥದ್ದಲ್ಲ. ಹೊಸ ಬೇಸ್‌ಬಾಲ್ ಚೆಂಡಿನ ಹೊಳಪು ಮುರಿಯದಿದ್ದರೆ ಅದು ಎಸೆಯುವವನ ಬೆರಳಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಆಟಕ್ಕೆ ಮೊದಲು ಒಂದೊಂದು ಚೆಂಡಿಗೂ ನದಿ ಕೆಸರು ಹಚ್ಚಿ ತಿಕ್ಕಬೇಕು. ಈ ಕಾರ್ಬನ್ ಬ್ಲಫ್ ಊರಿನ ಮೈದಾನದಲ್ಲಿ ಮೂವತ್ತೆಂಟು ವರ್ಷದಿಂದ ಆ ಕೆಲಸ ಮಾಡಿದವನು ಮರ್ಲ್ ಒಬ್ಬನೇ.

"ನೋಡಿದ್ಯಾ?" ಎಂದ. "ಬೆರಳ ತುದಿ ಮರಗಟ್ಟಿ ಎರಡು ವರ್ಷ ಆಯ್ತು. ಬಿಸಿ ಕಾಫಿ ಲೋಟ ಹಿಡಿದ್ರೂ ಸುಡೋದು ಗೊತ್ತಾಗಲ್ಲ. ಆ ಚೆಂಡು ಒಣಗಿತ್ತೋ ಸರಿ ಇತ್ತೋ, ನಂಗೇನು ಗೊತ್ತು ಲೆನೋರಾ?"

ಸುಳ್ಳು. ಅವನ ಕಿವಿ ಕೆಂಪಾಗಿತ್ತು.

ಐದು ದಿನದ ಹಿಂದೆ ಏಳನೇ ಇನಿಂಗ್ಸಿನಲ್ಲಿ, ಊರ ತಂಡದ ಡೆನ್ನಿ ಹೋಲ್ಕಮ್ ಎಸೆದ ಚೆಂಡು ಎದುರಾಳಿ ಬ್ಯಾಟರ್ ಇಸಿದ್ರೊ ಬಾರೆತೋನ ಮುಖಕ್ಕೆ ಬಡಿದಿತ್ತು. ಹೆಲ್ಮೆಟ್ಟಿನ ಅಂಚಿನ ಕೆಳಗೆ, ಸರಿಯಾಗಿ ಕಣ್ಣಿನ ಮಗ್ಗುಲಿಗೆ. ಇಪ್ಪತ್ತೊಂದು ವರ್ಷದವನು ಇನ್ನೂ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿ ಬಿದ್ದಿದ್ದ. ಎಡಗಣ್ಣನ್ನು ತೆಗೆದುಹಾಕಿದ್ದರು.

ಇಸಿದ್ರೊ ಆ ದಿನ ಡೆನ್ನಿಯ ಎಸೆತಕ್ಕೆ ಎರಡು ಸಲ ಚೆಂಡನ್ನು ಬೇಲಿಯಾಚೆ ಅಟ್ಟಿ ಹೋಮ್ ರನ್ ಹೊಡೆದಿದ್ದ. ಆ ಸಿಟ್ಟಿಗೆ ಡೆನ್ನಿ ಬೇಕೆಂದೇ ಮುಖಕ್ಕೆ ಹೊಡೆದ ಎಂದು ಊರೆಲ್ಲ ಮಾತು. ಮಧ್ಯಾಹ್ನ ನಾಲ್ಕಕ್ಕೆ ನಾನು ಲೀಗಿಗೆ ವರದಿ ಕೊಡಬೇಕಿತ್ತು. ಬೇಕೆಂದೇ ಹೊಡೆದ ಎಂದು ಬರೆದರೆ ಡೆನ್ನಿಯನ್ನು ಷೆರಿಫ್ ಎಳೆದುಕೊಂಡು ಹೋಗುತ್ತಾನೆ. ಚೆಂಡು ಕೆಟ್ಟಿತ್ತು ಎಂದು ಬರೆದರೆ ಶನಿವಾರ ಅವನು ಮತ್ತೆ ಆಡುತ್ತಾನೆ. ಗಂಟೆ ಈಗ ಎರಡು ಹತ್ತು.

ನಾನು ಲೆನೋರಾ ಟ್ರಸ್ಕ್. ಹತ್ತೊಂಬತ್ತು ವರ್ಷ ಇದೇ ಲೀಗಿನಲ್ಲಿ ಅಂಪೈರ್ ಆಗಿದ್ದೆ. ಮಂಡಿ ಹೋದ ಮೇಲೆ ಇಂಥ ಹೊಲಸು ತೊಳೆಯಲು ನನ್ನನ್ನು ಕಳಿಸುತ್ತಾರೆ. ನನ್ನ ಬಾಯಿ ಕೆಟ್ಟದ್ದು, ಅದೂ ಎಲ್ಲರಿಗೂ ಗೊತ್ತು.

ಡೆನ್ನಿಯ ಮಾತನ್ನು ನಾನು ನಂಬಿದ್ದೆ. ಇಪ್ಪತ್ತಮೂರರವನು, ಮೊದಲ ದಿನವೇ ನನ್ನ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದ. "ಚೆಂಡು ನೋಡಿ ಮೇಡಂ. ದಯವಿಟ್ಟು ಆ ಚೆಂಡೊಂದನ್ನ ನೋಡಿ. ಸೋಪಿನ ತರ ಜಾರ್ತಿತ್ತು."

ನೋಡಿದೆ. ಅವನು ಹೇಳಿದ್ದು ನಿಜವಾಗಿತ್ತು.

ಇದು ಎತ್ತರದ ಊರು, ಗಾಳಿಯಲ್ಲಿ ಪಸೆಯೇ ಇಲ್ಲ. ಹೊರಗಿಟ್ಟ ಚೆಂಡು ಒಣಗಿ ಕಲ್ಲಾಗುತ್ತದೆ. ಒಣ ಚೆಂಡು ಬ್ಯಾಟಿಗೆ ತಗುಲಿದರೆ ದೂರ ಹಾರುತ್ತದೆ, ಬೆರಳಲ್ಲಿ ಜಾರುತ್ತದೆ. ಅದಕ್ಕೇ ಇಲ್ಲಿ ಚೆಂಡುಗಳನ್ನು ಹದಿನಾಲ್ಕು ದಿನ ತೇವದ ಕಪಾಟಿನಲ್ಲಿ ಬೀಗ ಹಾಕಿ ಇಡುವುದು ಕಡ್ಡಾಯ. ಆದರೆ ಇಸಿದ್ರೊನ ಕಣ್ಣು ಕಳೆದ ಚೆಂಡು ಆ ಕಪಾಟಿನ ಹದದಲ್ಲಿರಲಿಲ್ಲ. ಉಗುರಿನಿಂದ ಕೆರೆದರೆ ಕೆಸರು ಪುಡಿಪುಡಿಯಾಗಿ ಉದುರಿತು. ಹದದ ತೊಗಲಾದರೆ ಕೆಸರು ಒಳಗಿಳಿದು ಕಚ್ಚಿಕೊಳ್ಳುತ್ತದೆ. ಅಂದರೆ ಯಾರೋ ಅದನ್ನು ಮೊದಲು ಒಣಗಿಸಿದ್ದಾರೆ, ಕೆಸರು ಹಚ್ಚಿದ್ದು ಆಮೇಲೆ.

ಹಚ್ಚಿದವನು ನನ್ನ ಎದುರಿಗೇ ಕೂತಿದ್ದ. ಕೈ ಮರಗಟ್ಟಿದೆ ಎನ್ನುತ್ತಿದ್ದ.

"ಸರಿ, ಹಾಗೇ ಬರೀತೀನಿ," ಎಂದು ಪೆನ್ನು ತೆಗೆದೆ. ಬರೆಯುತ್ತ ಗಟ್ಟಿಯಾಗಿ ಓದಿದೆ. "ಮರ್ಲ್ ಸ್ಟ್ಯಾಗ್ ಕೈಗೆ ಸ್ಪರ್ಶವೇ ಇಲ್ಲ. ಎರಡು ವರ್ಷದಿಂದ ಈ ಮೈದಾನದಲ್ಲಿ ಆಟಕ್ಕೆ ಬಿಟ್ಟ ಒಂದು ಚೆಂಡನ್ನೂ ನಂಬೋ ಹಾಗಿಲ್ಲ. ಅಲ್ವಾ? ಅಷ್ಟೇ ತಾನೇ?"

ಅವನು ಬಾಯಲ್ಲಿದ್ದ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಡಬ್ಬಿಗೆ ಉಗಿದ.

"ತಂಡದ ಮಾಲೀಕ ಫೆನ್ ಒಂದು ಯಂತ್ರ ತರಿಸ್ತಾನಂತೆ," ಎಂದೆ. "ಕೆಸರು ಉಜ್ಜೋ ಯಂತ್ರ. ಹತ್ತು ನಿಮಿಷಕ್ಕೆ ಎಂಟು ಡಜನ್. ಅದಕ್ಕೆ ಬೆರಳು ಮರಗಟ್ಟಲ್ಲ, ಬಿಡಿ."

"ಯಂತ್ರಕ್ಕೆ ಏನ್ ಮಣ್ಣಾಂಗಟ್ಟಿ ಗೊತ್ತಾಗತ್ತೆ?"

"ನಿಮಗೂ ಗೊತ್ತಾಗಲ್ವಲ್ಲ. ಈಗ ತಾನೇ ನೀವೇ ಹೇಳಿದ್ರಿ."

ನಾನು ಮಾಡುತ್ತಿದ್ದುದು ಕಟುಕರ ಕೆಲಸ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೆಂಗಸು ಅಂಪೈರ್ ಎಂದು ಇಡೀ ಮೈದಾನ ನನ್ನ ಮೇಲೆ ಉಗಿಯುತ್ತಿದ್ದ ಕಾಲದಲ್ಲಿ, ಮೈದಾನದ ಇದೇ ಕೋಣೆಯಲ್ಲಿ, ಇದೇ ಮನುಷ್ಯ ನನ್ನ ಮಂಡಿಗೆ ಐಸಿನ ಬಟ್ಟೆ ಕಟ್ಟಿ ಬಿಸಿ ಕಾಫಿ ಕೈಗಿಡುತ್ತಿದ್ದ. ಆದರೂ ನಾನು ನಿಲ್ಲಿಸಲಿಲ್ಲ.

"ಒಂದು ಉಪಕಾರ ಮಾಡ್ತೀನಿ, ಮರ್ಲ್. 'ಮೂವತ್ತೆಂಟು ವರ್ಷ' ಅನ್ನೋದನ್ನೂ ಸೇರಿಸ್ತೀನಿ. ಮೊದಲಿಂದಲೂ ಕೈಗೆ ಏನೂ ಗೊತ್ತಾಗ್ತಿರಲಿಲ್ವೇನೋ. ಸುಮ್ನೆ ಕೆಸರು ಮೆತ್ತಿ ಕೊಡ್ತಿದ್ರಿ, ನಾವು ಅಂಪೈರ್‌ಗಳು ಪೆದ್ದರ ತರ ಮರ್ಲ್ ಕೈ, ಮರ್ಲ್ ಕೈ ಅಂತ ಹೊಗಳ್ತಿದ್ವಿ."

"ಲೆನೋರಾ, ಸಾಕು."

ಚೀಲದಿಂದ ಆರು ಚೆಂಡು ತೆಗೆದು ಸಾಲಾಗಿ ಇಟ್ಟೆ. ಆರಕ್ಕೂ ನಾನೇ ಕೆಸರು ಹಚ್ಚಿದ್ದೆ, ನೋಡಲು ಆರೂ ಒಂದೇ. ಐದು ತೇವದ ಕಪಾಟಿನವು. ಒಂದನ್ನು ನಾಲ್ಕು ದಿನ ನನ್ನ ಕಾರಿನ ಗಾಜಿನ ಹಿಂದೆ ಬಿಸಿಲಿಗೆ ಇಟ್ಟಿದ್ದೆ. ಹೊಲಿಗೆಯ ಪಕ್ಕದ ಪೆನ್ಸಿಲ್ ಚುಕ್ಕೆ ನೋಡದೆ ಯಾವುದು ಎಂದು ನನಗೂ ಗೊತ್ತಾಗುತ್ತಿರಲಿಲ್ಲ.

"ಇದ್ರಲ್ಲಿ ಒಂದು ಒಣಗಿದ್ದು," ಎಂದೆ. "ಮುಟ್ಟೋದು ಬೇಡ, ಬಿಡಿ. ಪಾಪ, ಮುದಿ ಕೈ. ಸುಮ್ನೆ ಇಲ್ಲಿ ಸಹಿ ಹಾಕಿ ಮನೆಗೆ ಹೋಗಿ."

ಪೆನ್ನನ್ನು ಅವನ ಕಡೆ ಉರುಳಿಸಿದೆ. ಅವನು ಪೆನ್ನನ್ನು ನೋಡಿದ. ಚೆಂಡುಗಳನ್ನು ನೋಡಿದ.

"ಟವೆಲ್ ಕೊಡಿಲ್ಲಿ," ಎಂದ.

ತಾನೇ ಕಣ್ಣಿಗೆ ಕಟ್ಟಿಕೊಂಡ. ನಾನು ಚೆಂಡುಗಳ ಜಾಗ ಬದಲಿಸಿದೆ. ಅವನ ಕೈ ಮೊದಲನೆಯದರ ಮೇಲೆ ಇಳಿಯಿತು. ಒಂದು ಅಂಗುಲ ಮೇಲೆಸೆದು ಹಿಡಿದ, ಕೆಳಗಿಟ್ಟ. ಎರಡನೆಯದು. ಮೂರನೆಯದು. ತಾಯಿ ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಮುಟ್ಟುತ್ತಿದ್ದ. ನಾಲ್ಕನೆಯದನ್ನು ಎತ್ತಿದನಷ್ಟೇ, ಮೇಲೆಸೆಯಲಿಲ್ಲ. ಹೆಬ್ಬೆರಳು ತಾಗಿದ್ದೇ ತಡ, ಕೊಳೆತ ಹಣ್ಣನ್ನು ತಳ್ಳುವ ಹಾಗೆ ಆಚೆ ತಳ್ಳಿದ.

"ಇದು. ಉಳಿದವಕ್ಕಿಂತ ಒಂದು ಚಿಟಿಕೆ ಉಪ್ಪಿನಷ್ಟು ಹಗುರ. ಬಿಸಿಲಿಗೆ ಇಟ್ಟಿದ್ದೀಯ ನೀನು. ಒಂದೇ ಮಗ್ಗುಲು ಕಾದಿದೆ. ಓವನ್‌ನಲ್ಲಾದ್ರೆ ಸುತ್ತ ಸಮ ಒಣಗತ್ತೆ."

ಪೆನ್ಸಿಲ್ ಚುಕ್ಕೆ ನೋಡಿದೆ. ಅದೇ ಚೆಂಡು.

"ಓವನ್ ಅಂತ ನಾನೆಲ್ಲಿ ಅಂದೆ?" ಎಂದು ಮೆಲ್ಲಗೆ ಕೇಳಿದೆ.

ಅವನು ಟವೆಲ್ ಬಿಚ್ಚಲಿಲ್ಲ. ಹಾಗೇ ಕೂತ. ಆಮೇಲೆ ಟವೆಲಿನ ಕೆಳಗಿಂದ ನೀರು ಇಳಿದು ಗಡ್ಡಕ್ಕೆ ಬಂತು.

ಮರುಕ ಬರಬೇಕಿತ್ತು. ನನಗೆ ಬಂದದ್ದು ಸಿಟ್ಟು. "ಅವತ್ತೂ ಈ ಕೈಗೆ ಗೊತ್ತಾಗಿತ್ತು! ಗೊತ್ತಿದ್ದೂ ಕೆಸರು ಹಚ್ಚಿ ಕೊಟ್ಟೆ! ಆ ಹುಡುಗನ ಕಣ್ಣು ಕಿತ್ತು ತಟ್ಟೇಲಿ ಹಾಕಿದ್ರು, ಗೊತ್ತಾ ನಿಂಗೆ? ಅವನ ತಾಯಿ ಮಿಲಾಗ್ರೋಸ್ ಐದು ದಿನದಿಂದ ಕುರ್ಚಿ ಬಿಟ್ಟು ಎದ್ದಿಲ್ಲ. ಇಲ್ಲಿ ಕಿವಿ ಕೆಂಪು ಮಾಡ್ಕೊಂಡು ಕೈ ಮರಗಟ್ಟಿದೆ ಅಂತೀಯ? ಥೂ ನಿನ್ನ!"

'ನೀವು' ಹೋಗಿ 'ನೀನು' ಬಂದದ್ದು ನನಗೆ ಆಮೇಲೆ ಗೊತ್ತಾಯಿತು. ಅವನು ಟವೆಲ್ ಬಿಚ್ಚಿ ಮಡಿಚಿಟ್ಟ. ಮೂವತ್ತೆಂಟು ವರ್ಷದ ಅಭ್ಯಾಸ, ಅಂಚಿಗೆ ಅಂಚು ಸೇರಿಸಿ ಮಡಿಚಿದ.

"ಫೆನ್ ಹೇಳ್ದ," ಎಂದ. "ನಮ್ಮ ಹುಡುಗರು ಹೋಮ್ ರನ್ ಹೊಡೀತಿಲ್ಲ, ಜನ ಬರ್ತಿಲ್ಲ. ಒಂದು ಡಜನ್ ಒಣಗಿಸಿಕೊಡು, ಇಲ್ಲ ಅಂದ್ರೆ ಸೋಮವಾರದಿಂದ ಯಂತ್ರ ಬರತ್ತೆ, ನೀನು ಮನೇಲಿರು ಅಂದ. ನಮ್ಮ ಮನೆ ಓವನ್ನಲ್ಲಿ ಮೂರು ದಿನ ಸಣ್ಣ ಉರಿಗೆ ಇಟ್ಟೆ. ಆಟದ ದಿನ ಎರಡು ಚೀಲ ಇಟ್ಕೊಂಡು ಬೆಂಚಿನ ಪಕ್ಕ ಕೂತೆ. ನಮ್ಮೋರು ಬ್ಯಾಟ್ ಮಾಡೋವಾಗ ಅಂಪೈರ್‌ಗೆ ಎಡಗಡೆ ಚೀಲದಿಂದ ಒಣಗಿದ್ದು ಕೊಡೋದು, ಎದುರಾಳಿ ಬ್ಯಾಟ್ ಮಾಡೋವಾಗ ಬಲಗಡೆಯಿಂದ ಹದದ್ದು."

"ಅಂಪೈರ್ ಸೊಂಟದ ಚೀಲದಲ್ಲಿ ಒಣಗಿದ್ದು ಒಂದೆರಡು ಉಳಿದೇ ಉಳೀತಾವೆ. ಅದು ಹೊಳೀಲಿಲ್ವಾ?"

"ಹೊಳೀತು." ಅವನು ಟವೆಲಿನ ಮಡಿಕೆ ಸರಿಮಾಡಿದ. "ಒಂದೆರಡರಿಂದ ಏನಾಗತ್ತೆ ಅಂದ್ಕೊಂಡೆ."

ಎಲ್ಲವನ್ನೂ ಬರೆದುಕೊಂಡೆ. ಸಹಿ ಹಾಕಿಸಿದೆ. ಗಂಟೆ ಎರಡೂವರೆ. ಡೆನ್ನಿ ಬದುಕಿಕೊಂಡ ಎಂದು ಎದೆ ಹಗುರಾಯಿತು. ಸತ್ಯ ಹೇಳಬೇಕೆಂದರೆ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯೂ ಆಯಿತು. ಮಧ್ಯಾಹ್ನ ಹನ್ನೆರಡಕ್ಕೇ ಮಿಲಾಗ್ರೋಸ್‌ಗೆ ಫೋನ್ ಮಾಡಿ, ತಪ್ಪು ಡೆನ್ನಿಯದಲ್ಲ, ಚೆಂಡಿನದು ಎಂದು ಹೇಳಿಬಿಟ್ಟಿದ್ದೆ. ಬೇಕೆಂದೇ ಹೊಡೆದಿರಬಹುದು ಎಂಬ ಅನುಮಾನಕ್ಕೆ ಷೆರಿಫ್ ಇಸಿದ್ರೊನ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದ್ದ ಪೇದೆಯನ್ನೂ, ಇನ್ನು ಬೇಕಿಲ್ಲ ಎಂದು ವಾಪಸ್ ಕಳಿಸಲು ಹೇಳಿದ್ದೆ. ಪುರಾವೆ ಕೈಗೆ ಬರುವ ಮೊದಲೇ ಹಾಗೆ ಮಾಡಿದ್ದು ಅವಸರವಾಯಿತೇನೋ ಎಂದು ಆಗಿನಿಂದ ಒಳಗೊಳಗೇ ಕುಟುಕುತ್ತಿತ್ತು. ಈಗ ಪುರಾವೆಯೂ ಸಿಕ್ಕಿತಲ್ಲ.

ಎದ್ದೆ.

"ಕೂತ್ಕೋ," ಎಂದ ಮರ್ಲ್. "ನನ್ನ ಪಾಪ ಬರ್ಕೊಂಡೆ, ಸರಿ. ಆದ್ರೆ ನೀನು ಬರ್ದಿರೋದು ಅರ್ಧ."

ಗೋಡೆ ಕಪಾಟಿನಿಂದ ಒಂದು ಉದ್ದ ಕಾಲುಚೀಲ ತಂದ. ಒಳಗೆ ಮೂರು ಚೆಂಡು. ಒಂದೊಂದಾಗಿ ನನ್ನ ಕೈಗೆ ಕೊಟ್ಟ.

"ಹಿಡ್ದು ನೋಡು. ಕಣ್ಣು ಮುಚ್ಕೋ. ಹತ್ತೊಂಬತ್ತು ವರ್ಷ ಚೆಂಡು ಮುಟ್ಟಿದ್ದೀಯ, ನಿಂಗೂ ತಿಳಿಯತ್ತೆ."

ಹಿಡಿದೆ. ಮೂರೂ ಹದವಾಗಿದ್ದವು. ಬೆರಳಿಗೆ ಹಿತವಾಗಿ ಕಚ್ಚಿಕೊಳ್ಳುವ ತೊಗಲು.

"ಒಳ್ಳೆ ಚೆಂಡುಗಳು. ಏನಿವು?"

"ಅವತ್ತು ಏಳನೇ ಇನಿಂಗ್ಸಲ್ಲಿ ಇಸಿದ್ರೊ ಬ್ಯಾಟ್ ಹಿಡ್ಕೊಂಡು ಬಂದ. ಡೆನ್ನಿ ಅಂಪೈರ್ ಹತ್ರ ಹೊಸ ಚೆಂಡು ಕೇಳ್ದ. ಕೊಟ್ಟದ್ದನ್ನ ಬೇಡ ಅಂತ ವಾಪಸ್ ಎಸ್ದ. ಇನ್ನೊಂದು ಕೇಳ್ದ. ಅದೂ ಬೇಡ. ಮತ್ತೊಂದು. ಅದೂ ಬೇಡ. ಆ ಮೂರನ್ನೂ ಅಂಪೈರ್ ನನ್ನ ಕಡೆ ಉರುಳಿಸ್ದ. ಇವೇ ಅವು."

ಆ ದೃಶ್ಯದ ವಿಡಿಯೋವನ್ನು ನಾನು ಇಪ್ಪತ್ತು ಸಲವಾದರೂ ನೋಡಿದ್ದೆ. ಜಾರುವ ಚೆಂಡು ಬಂತೆಂದರೆ ಚೆಂಡು ಎಸೆಯುವ ಯಾವ ಪಿಚರ್ ಆದರೂ ಬೇಡ ಎಂದು ವಾಪಸ್ ಎಸೆಯುತ್ತಾನೆ. ಪಾಪ, ಒಳ್ಳೆಯದೊಂದು ಸಿಗಲಿ ಎಂದು ಪರದಾಡುತ್ತಿದ್ದಾನೆ ಎಂದುಕೊಂಡಿದ್ದೆ. ವರದಿಯಲ್ಲಿ ಅದನ್ನೂ ಅವನ ಪರವಾಗಿಯೇ ಬರೆದಿದ್ದೆ.

"ಮೂರು ಒಳ್ಳೇದನ್ನ ಬೇಡ ಅಂದ," ಎಂದ ಮರ್ಲ್. "ಜಾರೋದು ಕೈಗೆ ಬಂದ ತಕ್ಷಣ ಸುಮ್ನಾದ."

"ಅವನಿಗೆ ಹೇಗಯ್ಯಾ ಗೊತ್ತಾಗತ್ತೆ? ಒಂದು ಚಿಟಿಕೆ ಉಪ್ಪಿನ ವ್ಯತ್ಯಾಸ! ನಂಗೇ ಗೊತ್ತಾಗಲ್ಲ."

"ಅವನು ಇರೋದೆಲ್ಲಿ, ಲೆನೋರಾ?"

ಈ ಲೀಗಿನ ಹುಡುಗರಿಗೆ ಹೋಟೆಲು ಗೀಟೆಲು ಇಲ್ಲ. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಊರಿನ ಒಂದೊಂದು ಮನೆಯವರು ಒಬ್ಬಿಬ್ಬರನ್ನು ಇಟ್ಟುಕೊಂಡು ಊಟ ಹಾಕುತ್ತಾರೆ. ಡೆನ್ನಿಯನ್ನು ಇಟ್ಟುಕೊಂಡದ್ದು ಮರ್ಲ್.

"ಅಡಿಗೆಮನೆಗೆ ಬಂದ," ಎಂದ ಮುದುಕ. "ಏನಜ್ಜಾ, ಬ್ರೆಡ್ ಮಾಡ್ತಿದೀಯಾ ಅಂತ ಓವನ್ ಬಾಗಿಲು ತೆಗ್ದ. ನಾನು ನಾಚ್ಕೊಂಡೆ. ಅವನು ನಕ್ಕ, ಯಾರಿಗೂ ಹೇಳಲ್ಲ ಅಂದ. ಒಣ ಚೆಂಡು ಹೇಗೆ ಗುರ್ತು ಹಿಡೀತೀಯ, ಹೇಳ್ಕೊಡು ಅಂತ ದುಂಬಾಲು ಬಿದ್ದ. ನನಗೂ ಖುಷಿ. ಈ ಕಾಲದಲ್ಲಿ ಯಾರು ಕಲೀತಾರೆ ಇದನ್ನ? ಊಟದ ಮೇಜಿನ ಮೇಲೆ ಇಟ್ಟು, ಟವೆಲ್ ಕಟ್ಟಿ, ಇವತ್ತು ನೀನು ಆಡಿಸಿದೆಯಲ್ಲ, ಇದೇ ಆಟ ಒಂದು ವಾರ ಆಡಿದ್ವಿ. ಕೊನೆ ದಿನ ಅವನು ಹತ್ತಕ್ಕೆ ಹತ್ತು ಸರಿ ಹೇಳ್ದ."

ಕೈಯಲ್ಲಿದ್ದ ಚೆಂಡುಗಳನ್ನು ಮೇಜಿನ ಮೇಲಿಟ್ಟೆ.

"ಸುಳ್ಳು ಹೇಳ್ತಿದ್ದೀಯ. ನಿನ್ನ ತಪ್ಪನ್ನ ಅವನ ತಲೆಗೆ ಕಟ್ತಿದ್ದೀಯ."

"ಕಟ್ಟೋದಿದ್ರೆ ಸಹಿ ಹಾಕೋಕೆ ಮೊದಲೇ ಕಟ್ತಿದ್ದೆ. ಜಾರಿದ ಚೆಂಡಿಗೆ ಎಲ್ಲಾದ್ರೂ ವೇಗ ಇರತ್ತಾ? ನೀನೇ ಹೇಳು. ಬೋರ್ಡಲ್ಲಿ ಎಷ್ಟು ಬಂತು?"

ಗಂಟೆಗೆ ತೊಂಬತ್ತಾರು ಮೈಲಿ. ಆ ದಿನ ಅವನ ಬೇರೆ ಯಾವ ಎಸೆತವೂ ತೊಂಬತ್ತಮೂರು ದಾಟಿರಲಿಲ್ಲ. ಬೆರಳಿನಿಂದ ಜಾರಿದ ಚೆಂಡು ಬಲ ಕಳೆದುಕೊಂಡು ತೇಲುತ್ತದೆ. ಇದು ಅಂಪೈರ್ ಆದವಳಿಗೆ ಮೊದಲ ವರ್ಷವೇ ಗೊತ್ತಾಗುವ ವಿಷಯ. ಆ ಅಂಕಿ ಇಪ್ಪತ್ತು ಸಲ ನನ್ನ ಕಣ್ಣೆದುರು ಹಾದುಹೋಗಿತ್ತು. ನಾನು ಅವನ ಕಣ್ಣೀರು ನೋಡುತ್ತಿದ್ದೆ, ಕತ್ತೆ ನಾನು. ಚೆಂಡು ನೋಡಿ ಮೇಡಂ ಎಂದು ನನ್ನನ್ನು ಆ ಚೆಂಡಿನ ಹತ್ತಿರಕ್ಕೆ ಕಳಿಸಿದ್ದೂ ಅವನೇ.

"ಯಾಕೆ? ಎರಡು ಹೋಮ್ ರನ್ನಿಗಾ?"

ಮರ್ಲ್ ತಲೆಯಾಡಿಸಿದ. "ಹೋದ ವರ್ಷ ಇಬ್ಬರೂ ಒಂದೇ ತಂಡದಲ್ಲಿದ್ರು, ಒಂದೇ ಕೋಣೆ. ಇಸಿದ್ರೊ ಅರ್ಧದಲ್ಲೇ ಬೇರೆ ತಂಡಕ್ಕೆ ಕಳಿಸಿ ಅಂತ ಕಾಡಿ ಬೇಡಿ ಹೋದ. ಯಾಕೋ ಹೋದ ಅಂತ ಡೆನ್ನೀನ ಕೇಳ್ದೆ. 'ಅವನು ಏನೋ ನೋಡ್ಬಿಟ್ಟ ಅಜ್ಜಾ. ಬಾಯಿ ಬಿಟ್ರೆ ನನ್ನ ಕತೆ ಮುಗೀತು' ಅಂದ. ನಗ್ತಾ ಅಂದ. ತಮಾಷೆ ಅಂದ್ಕೊಂಡೆ."

"ಇದನ್ನ ಐದು ದಿನ ಹೊಟ್ಟೇಲಿ ಇಟ್ಕೊಂಡಿದ್ಯಾ?"

"ಹೇಳಿದ್ರೆ ಓವನ್ ಮಾತು ಬರ್ತಿತ್ತಲ್ಲ. ಅವನಿಗೂ ಅದು ಗೊತ್ತಿತ್ತು. ದಿನಾ ಬೆಳಿಗ್ಗೆ ಎದುರಿಗೆ ಕೂತು ನಾನು ಮಾಡಿದ ಮೊಟ್ಟೆ ತಿಂದು, 'ಕೈ ಹೇಗಿದೆ ಅಜ್ಜಾ, ಮರಗಟ್ಟಿದೆ ತಾನೇ?' ಅಂತ ಕೇಳ್ತಿದ್ದ."

ಆಗ ನನ್ನ ಫೋನು ಬಡಿದುಕೊಂಡಿತು. ಮಿಲಾಗ್ರೋಸ್. ಹಿಂದೆ ಬಸ್ಸಿನ ಸದ್ದು.

"ಮೇಡಂ! ನನ್ನ ಮಗ ಕಣ್ಣು ಬಿಟ್ಟ!" ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಇರೋ ಒಂದು ಕಣ್ಣು ಬಿಟ್ಟು ನನ್ನ ನೋಡ್ದ. ಮಾತು ಇನ್ನೂ ಬಂದಿಲ್ಲ. ನಾಳೆ ಬರತ್ತೆ ಅಂದ್ರು ಡಾಕ್ಟರು. ದೇವರು ದೊಡ್ಡವನು ಮೇಡಂ, ನೀವೂ ದೊಡ್ಡವರು."

"ನೀವು ಬಸ್ಸಲ್ಲಿ ಯಾಕಿದ್ದೀರಿ? ಅವನ ಹತ್ರ ಯಾರಿದ್ದಾರೆ?"

"ಡೆನ್ನಿ ಬಂದಿದ್ದಾನಲ್ಲ! ಹೂವು ತಂದಿದ್ದ. ನನ್ನ ತೊಡೆ ಮೇಲೆ ತಲೆ ಇಟ್ಟು ಮಗು ತರ ಅತ್ತ, ಪಾಪ. ಅವನ ತಪ್ಪಲ್ಲ ಅಂತ ನೀವೇ ಹೇಳಿದ್ರಲ್ಲ, ಕ್ಷಮಿಸಿಬಿಟ್ಟೆ. ಐದು ದಿನದಿಂದ ಮೈಗೆ ನೀರು ಹಾಕಿಲ್ಲ ನಾನು. 'ಹೋಗಿ ಸ್ನಾನ ಮಾಡ್ಕೊಂಡು ಬನ್ನಿ ಅಮ್ಮಾ, ನಾನು ನೋಡ್ಕೋತೀನಿ' ಅಂದ. ಆದ್ರೆ ಒಂದು ವಿಚಿತ್ರ ಮೇಡಂ. ಅವನು ಒಳಗೆ ಬಂದಾಗ ನನ್ನ ಮಗ ನನ್ನ ಕೈ ಎಷ್ಟು ಬಿಗಿಯಾಗಿ ಹಿಡ್ದ ಗೊತ್ತಾ? ಬಿಡ್ಸಿಕೊಳ್ಳೋದೇ ಕಷ್ಟ ಆಯ್ತು."

"ಮಿಲಾಗ್ರೋಸ್, ಬಾಗಿಲಲ್ಲಿ ಪೇದೆ ಇದ್ದಾನಾ?"

"ಇಲ್ಲ ಮೇಡಂ. ನೀವೇ ಕಳಿಸಿದ್ರಂತಲ್ಲ."

ಫೋನ್ ಕತ್ತರಿಸಿದೆ. ಎರಡು ಸಲ ತಪ್ಪು ಒತ್ತಿದೆ. ಮೂರನೇ ಸಲ ಇಸಿದ್ರೊನ ಕೋಣೆಯ ಫೋನು ಹತ್ತಿತು. ಒಂದು ಸಲ ಬಡಿಯಿತು, ಎರಡು ಸಲ ಬಡಿಯಿತು. ಮರ್ಲ್ ಎದ್ದು ನಿಂತಿದ್ದ. ಕೆಸರು ಮೆತ್ತಿದ ಎರಡೂ ಕೈ ಬಾಯಿಗೆ ಒತ್ತಿಕೊಂಡಿದ್ದ.

ಐದನೇ ಸಲಕ್ಕೆ ಯಾರೋ ಎತ್ತಿದರು.

"ಮೇಡಂ, ನೀವಾ?" ಡೆನ್ನಿ ಪಿಸುಗುಟ್ಟಿದ. ಈ ಸಲ ಅವನ ದನಿಯಲ್ಲಿ ಅಳುವಿರಲಿಲ್ಲ. "ಸದ್ದು ಮಾಡ್ಬೇಡಿ. ಈಗ ತಾನೇ ಮಲಗಿಸ್ದೆ."